ಹಿಂಬದಿಯ ಮೂರು ಸಾಲು

ಚುಕ್ಕಕ್ಕ ಆ ಸೋಮವಾರ ಪ್ರೆಸ್ಸಿಗೆ ಒಂದೇ ಚಪ್ಪಲಿಯಲ್ಲಿ ಬಂದಳು. ಇನ್ನೊಂದು ಬಸ್ಸಿನಲ್ಲೇ ಉಳಿಯಿತೋ, ಸ್ಟಾಪಿನಿಂದ ಗೇಟಿನವರೆಗಿನ ಇನ್ನೂರ ಹನ್ನೆರಡು ಹೆಜ್ಜೆಗಳಲ್ಲಿ ಎಲ್ಲಾದರೂ ಕಳಚಿಬಿತ್ತೋ, ಹೇಳುವವರಿಲ್ಲ. ಅವಳಿಗಂತೂ ಗೊತ್ತೇ ಇರಲಿಲ್ಲ.

“ಅಕ್ಕಾ, ಇವತ್ತು ಬಲಗಾಲಿಗೆ ರಜೆನಾ?” ಎಂದು ಎಲ್ಲರೂ ರೇಡಿಯೋ ಎಂದೇ ಕರೆಯುವ ಜೊತೆಗಾರ ಕೇಳಿದಾಗ ಎಂದಿನ ತಮಾಷೆ ಅಂದುಕೊಂಡು ನಕ್ಕಳು. ಆಮೇಲೆ ಬಗ್ಗಿ ಮುಟ್ಟಿ ನೋಡಿದಳು. ಕೈಗೆ ಪಾದ ಸಿಕ್ಕಿತು. ಪಾದಕ್ಕೆ ಕೈ ಸಿಗಲಿಲ್ಲ.

ನಗು ಅಲ್ಲೇ ನಿಂತಿತು.

ಅದು ಕಣ್ಣು ಕಾಣದ ಮಕ್ಕಳಿಗೆ ಉಬ್ಬು ಚುಕ್ಕಿಗಳಲ್ಲಿ ಪಾಠಪುಸ್ತಕ ಅಚ್ಚು ಹಾಕುವ ಬ್ರೈಲ್ ಪ್ರೆಸ್ಸು. ಕೆಳಗೆ ತಗಡಿನ ಮೇಲೆ ಚುಕ್ಕಿ ಗುದ್ದುವ ಎರಡು ಯಂತ್ರಗಳು. ಹದಿನೇಳು ಮೆಟ್ಟಿಲು ಹತ್ತಿದರೆ ಪ್ರೂಫ್ ಕೋಣೆ. ಅದರಾಚೆ ಹಾಳೆ ಮಡಿಚಿ ಹೊಲಿಯುವ ಉದ್ದನೆಯ ಮೇಜು. ಪ್ರೂಫ್ ಕೋಣೆಯ ಕೆಲಸ ಜೋಡೆತ್ತಿನದು. ಕಣ್ಣಿರುವವನು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಕಣ್ಣಿಲ್ಲದವಳು ಅದೇ ಸಾಲಿನ ಚುಕ್ಕಿಗಳ ಮೇಲೆ ಬೆರಳು ಓಡಿಸಬೇಕು. ಕಿವಿಗೆ ಬಿದ್ದದ್ದೂ ಬೆರಳಿಗೆ ಸಿಕ್ಕಿದ್ದೂ ತಾಳೆಯಾದರೆ ಮುಂದೆ, ಇಲ್ಲದಿದ್ದರೆ “ನಿಲ್ಲು!”

ನಾಲ್ಕನೇ ವಯಸ್ಸಿನಲ್ಲಿ ಜ್ವರಕ್ಕೆ ಕಣ್ಣು ಕೊಟ್ಟ ಚುಕ್ಕಕ್ಕ ಇಪ್ಪತ್ತೇಳು ವರ್ಷದಿಂದ ಈ ಕೋಣೆಯಲ್ಲಿ “ನಿಲ್ಲು!” ಎನ್ನುತ್ತಿದ್ದಳು. ಮನೆಯವರಿಟ್ಟ ಹೆಸರೊಂದು ಸಂಬಳದ ಚೀಟಿಯಲ್ಲಿತ್ತು. ಉಳಿದಂತೆ ಅವಳು ಲೋಕಕ್ಕೆಲ್ಲ ಚುಕ್ಕಕ್ಕ. ಅವಳೆದುರು ಕೂತು ಓದುವ ರೇಡಿಯೋ ಮೊದಲು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುತ್ತಿದ್ದವನು. ಅಲ್ಲಿ ಯಂತ್ರವೇ ಮಾತಾಡತೊಡಗಿದ ಮೇಲೆ ಈ ಕೆಲಸಕ್ಕೆ ಬಂದ. ನಲವತ್ತೈದು ದಾಟಿದರೂ ಕಂಠಕ್ಕೆ ಇನ್ನೂ ಇಪ್ಪತ್ತೈದು. ಪ್ರಾಥಮಿಕ ಶಾಲೆಯ ಗಣಿತವನ್ನೂ “ಪ್ರಯಾಣಿಕರ ಗಮನಕ್ಕೆ” ಎಂಬ ಧಾಟಿಯಲ್ಲೇ ಓದುತ್ತಿದ್ದ.

ಕೋಣೆಗೆ ನಿಯಮ ಒಂದೇ: ಇದ್ದದ್ದನ್ನೆಲ್ಲ ಓದಬೇಕು. ಅಲ್ಪವಿರಾಮ ಬಂದರೆ “ಅಲ್ಪವಿರಾಮ” ಎನ್ನಬೇಕು. ಪುಟಸಂಖ್ಯೆ, ಅಡಿಟಿಪ್ಪಣಿ, ಗೆರೆ, ನಕ್ಷತ್ರ, ಖಾಲಿ ಜಾಗ, ಎಲ್ಲಕ್ಕೂ ಬಾಯಿ ಕೊಡಬೇಕು. “ಇದು ಮುಖ್ಯ, ಅದು ಅಮುಖ್ಯ ಅಂತ ತೀರ್ಮಾನಿಸೋದು ನಿನ್ನ ಕೆಲಸ ಅಲ್ಲ ಕಣೋ” ಎಂದು ಮೊದಲ ದಿನವೇ ಚುಕ್ಕಕ್ಕ ರೇಡಿಯೋಗೆ ಹೇಳಿದ್ದಳು. “ನೀನು ಬಾಯಿ, ನಾನು ಬೆರಳು. ಮೆದುಳನ್ನ ಗೇಟಿನಲ್ಲೇ ವಾಚ್‌ಮನ್ ಹತ್ರ ಕೊಟ್ಟು ಬಾ.”

ಅಂಥ ಬೆರಳು ಈ ಸಲ ಕೈಕೊಟ್ಟಿತ್ತು. ಚುಕ್ಕಿ ಭಾಷೆಯಲ್ಲಿ ನಾಲ್ಕಕ್ಕೂ ಮೂರಕ್ಕೂ ನಡುವೆ ಇರುವುದು ಒಂದೇ ಚುಕ್ಕಿ. ಗಣಿತ ಪುಸ್ತಕದ ಉತ್ತರಗಳ ಪುಟದಲ್ಲಿ ಹದಿನಾಲ್ಕು ಇರಬೇಕಾದ ಕಡೆ ಆ ಚುಕ್ಕಿ ಏಳದೆ ಹದಿಮೂರಾಗಿತ್ತು. ರೇಡಿಯೋ “ಹದಿನಾಲ್ಕು” ಎಂದ. ಕಿವಿ ಕೇಳಿದ್ದಕ್ಕೆ ಬೆರಳು ತಲೆಯಾಡಿಸಿತು. ಪುಸ್ತಕ ಶಾಲೆಗಳಿಗೆ ಹೋಯಿತು. ಮೂರು ತಿಂಗಳಿಗೆ ಒಬ್ಬ ಮೇಷ್ಟ್ರಿಂದ ಪತ್ರ ಬಂತು: ‘ನಮ್ಮ ಮಕ್ಕಳು ಸರಿಯಾಗಿ ಲೆಕ್ಕ ಮಾಡಿ, ಪುಸ್ತಕ ಮುಟ್ಟಿ ನೋಡಿ, ತಮ್ಮದೇ ತಪ್ಪೆಂದುಕೊಂಡು ಅಳಿಸಿದ್ದಾರೆ.’

ಆ ಪತ್ರ ಕೇಳಿದ ದಿನ ಚುಕ್ಕಕ್ಕ ಊಟದ ಡಬ್ಬಿ ತೆರೆಯಲಿಲ್ಲ. ಬೇರೆ ಯಾರೇ ತಪ್ಪು ಮಾಡಿದ್ದರೂ ಜಗಳ ಆಡಬಹುದಿತ್ತು. ಇಲ್ಲಿ ಜಗಳಕ್ಕೆ ಸಿಕ್ಕವಳು ತಾನೊಬ್ಬಳೇ.

ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ, ಆದರೆ ನಿಯಮದ ಮನುಷ್ಯ. ವರ್ಷಕ್ಕೊಮ್ಮೆ ಪ್ರೂಫ್ ಓದುವವರಿಗೆ ಪರೀಕ್ಷಾ ಪುಟವೊಂದು ಇರುತ್ತಿತ್ತು, ಅದರಲ್ಲಿ ಬೇಕೆಂದೇ ನೆಟ್ಟ ಇಪ್ಪತ್ತು ತಪ್ಪುಗಳು. ಹದಿನೆಂಟು ಹಿಡಿದರೆ ಪಾಸು. ಚುಕ್ಕಕ್ಕ ಪ್ರತಿ ವರ್ಷ ಇಪ್ಪತ್ತಕ್ಕೆ ಇಪ್ಪತ್ತು. ಒಂದು ವರ್ಷ ಇಪ್ಪತ್ತೊಂದು, ನೆಟ್ಟವರಿಗೇ ಗೊತ್ತಿಲ್ಲದ ಕಳೆಯನ್ನೂ ಕಿತ್ತಿದ್ದಳು. ಈ ಸಲ ಹನ್ನೆರಡು.

“ವಯಸ್ಸಾಯ್ತಲ್ಲಮ್ಮಾ” ಎಂದರು ಮ್ಯಾನೇಜರ್.

“ಐವತ್ತೊಂದು ಸರ್. ನಿಮಗಿಂತ ನಾಲ್ಕು ಕಮ್ಮಿ.”

ಅವರು ಕೆಮ್ಮಿದರು. “ಮೂರು ತಿಂಗಳು ಟೈಮ್ ಕೊಡ್ತೀನಿ, ಇನ್ನೊಂದ್ಸಲ ಪರೀಕ್ಷೆ. ಆಗ್ಲಿಲ್ಲ ಅಂದ್ರೆ ಹೊಲಿಗೆ ಮೇಜು. ಸಂಬಳ ಅಷ್ಟೇ ಇರುತ್ತೆ, ಅದರ ಚಿಂತೆ ಬೇಡ. ಏನಾದ್ರೂ ಕಾಯಿಲೆ ಇದ್ರೆ ಆಸ್ಪತ್ರೆ ಕಾಗದ ತಂದುಕೊಡಿ, ಫೈಲಿಗೆ ಹಾಕ್ತೀನಿ.”

ಸಂಬಳ ಅಷ್ಟೇ ಇರುತ್ತದಂತೆ! ಹೊಲಿಗೆಯ ಮೇಜು ಕೀಳೆಂದಲ್ಲ. ಅಲ್ಲಿ ಪುಸ್ತಕ ಕೈಯಲ್ಲಿರುತ್ತದೆ, ಓದಲು ಮಾತ್ರ ಬರುವುದಿಲ್ಲ. ಲೋಕ ಅವಳೊಳಗೆ ಬರುತ್ತಿದ್ದದ್ದು ಬಲಗೈ ತೋರುಬೆರಳ ತುದಿಯ ಕಾಳಿನಷ್ಟು ಜಾಗದಿಂದ. ಅದು ಮುಚ್ಚಿದರೆ ಎರಡನೇ ಸಲ ಕುರುಡಿ. ಮೊದಲ ಸಲ ನಾಲ್ಕು ವರ್ಷದ ಕೂಸು, ಅರ್ಥವಾಗಿರಲಿಲ್ಲ. ಈಗ ಅರ್ಥವಾಗುತ್ತಿತ್ತು.

ಬೆರಳು, ಪಾದ ಎರಡೂ ಹತ್ತಿ ಸುತ್ತಿದ ಹಾಗಾಗಿ ಆರು ತಿಂಗಳಾಗಿತ್ತು. ನಾಲಿಗೆ ಉರಿಯುತ್ತಿತ್ತು. ಇಪ್ಪತ್ತೇಳು ವರ್ಷ ಹತ್ತಿದ ಹದಿನೇಳು ಮೆಟ್ಟಿಲಲ್ಲಿ ಎರಡು ಸಲ ಬಿದ್ದಿದ್ದಳು. ಹೇಳದೆ ಇದ್ದಳೆಂದಲ್ಲ, ಎಲ್ಲರಿಗೂ ಹೇಳಿದ್ದಳು. ಎಲ್ಲರ ಬಾಯಲ್ಲೂ ಒಂದೇ ಉತ್ತರ ಸಿದ್ಧವಾಗಿತ್ತು. ಅತ್ತಿಗೆ, “ಕಣ್ಣಿಲ್ಲದವರು ಎಡವೋದು ಸಹಜ ಅಲ್ವಾ, ಪಾಪ” ಎಂದಳು. ಬಸ್ಸಿನ ಕಂಡಕ್ಟರ್, “ಕಣ್ಣು ಕಾಣ್ಸಲ್ಲ ಅಂದ್ಮೇಲೆ ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ” ಎಂದ. ಬಿದ್ದ ಮೊಣಕಾಲಿಗೆ ಪಟ್ಟಿ ಸುತ್ತಿದ ಬೀದಿಯ ಡಾಕ್ಟರು, ಓದಿದ ಮನುಷ್ಯ, ಅವರೂ ಅದನ್ನೇ ಎಂದರು.

“ಅಲ್ರೀ ಡಾಕ್ಟ್ರೇ, ನಲವತ್ತೇಳು ವರ್ಷ ಕಣ್ಣಿಲ್ಲದೇನೇ ನೆಟ್ಟಗೆ ನಡೆದಿದ್ದೀನಿ. ಈಗ ಆರು ತಿಂಗಳಿಂದ ಬೀಳ್ತಾ ಇದ್ದೀನಿ. ಕಣ್ಣೇನು ಆರು ತಿಂಗಳ ಹಿಂದೆ ಹೋಯ್ತಾ?”

“ನಿಧಾನಕ್ಕೆ ನಡೀರಿ” ಎಂದು ಅವರು ಮುಂದಿನವರನ್ನು ಕರೆದರು.

ಕಣ್ಣಿಲ್ಲದವರಿಗೆ ಏನಾದರೂ ಕಾರಣ ಕಣ್ಣೇ. ನೆಗಡಿಯಾದರೂ ಕಣ್ಣೇ. ಇಂಥ ಸುಲಭದ ಉತ್ತರ ಒಮ್ಮೆ ಕೈಗೆ ಸಿಕ್ಕಿದರೆ ಮುಂದಕ್ಕೆ ನೋಡುವ ಕಷ್ಟ ಕಣ್ಣಿರುವವರು ಯಾಕೆ ತೆಗೆದುಕೊಳ್ಳುತ್ತಾರೆ?

ಮ್ಯಾನೇಜರ್ ಕೇಳಿದ ಕಾಗದಕ್ಕಾಗಿ ಮನೆಯಲ್ಲಿ ಹುಡುಕಿದರೆ ಸಿಕ್ಕಿದ್ದು ಒಂದೇ, ಹದಿನಾರು ತಿಂಗಳ ಹಿಂದಿನದು. ಆಗ ಹೊಟ್ಟೆ ಉರಿ ಹೆಚ್ಚಾಗಿ, ಹುಣ್ಣಿರಬಹುದೆಂದು ದೊಡ್ಡ ಆಸ್ಪತ್ರೆಯಲ್ಲಿ ಬಾಯಿಯಿಂದ ಕೊಳವೆ ಇಳಿಸಿ ನೋಡಿದ್ದರು. ಹೊಟ್ಟೆಯ ಒಳಪದರದಿಂದ ಆರು ಚೂರು ಚಿವುಟಿ ಪರೀಕ್ಷೆಗೆ ಕಳಿಸಿದ್ದರು. ವರದಿ ತಂದವನು ಅವಳ ಗಂಡ.

ಗಂಡ ಒಂದು ಎತ್ತರದ ಕಟ್ಟಡದಲ್ಲಿ ಲಿಫ್ಟ್ ನಡೆಸುವವನು. ಬಂಗಾರದಂಥ ಮನುಷ್ಯ, ಒಂದೇ ದೋಷ, ಕೆಟ್ಟ ಸುದ್ದಿಯ ಮಹಡಿಯಲ್ಲಿ ಅವನ ಲಿಫ್ಟ್ ನಿಲ್ಲುತ್ತಿರಲಿಲ್ಲ. ಪತ್ರಿಕೆಯಲ್ಲಿ ತಲೆಬರಹ ಮಾತ್ರ ಓದುತ್ತಿದ್ದ. ಅಂದು ಬಾಗಿಲಲ್ಲೇ ಕೂಗಿದ್ದ: “ಲೇ, ಹುಣ್ಣಿಲ್ಲ, ಕ್ಯಾನ್ಸರ್ ಇಲ್ಲ! ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ ಕಣೇ!” ಕೊಳವೆ ಡಾಕ್ಟರೂ ಅದನ್ನೇ ಹೇಳಿ, ಉರಿಗೆ ಒಂದು ಮಾತ್ರೆ ಬರೆದು ಕಳಿಸಿದ್ದರು. ಅವರಿಬ್ಬರೂ ನಕ್ಕಿದ್ದರು, ಇವಳೂ ನಕ್ಕಿದ್ದಳು.

ಈಗ ಆ ಕಾಗದ ಫೈಲಿಗೆ ಹೋಗಬೇಕು. ಚುಕ್ಕಕ್ಕನಿಗೊಂದು ಹಟವಿತ್ತು: ತನ್ನ ಹೆಸರಿನಲ್ಲಿ ಫೈಲಿಗೆ ಹೋಗುವ ಯಾವ ಕಾಗದವಾದರೂ ಮೊದಲು ತನ್ನ ಬೆರಳಡಿ ಬರಬೇಕು. ಊಟದ ಬಿಡುವಿನಲ್ಲಿ ಚುಕ್ಕಿ ಕುಟ್ಟುವ ಹಲಗೆಯನ್ನೂ ಮೊಳೆಯನ್ನೂ ತೆಗೆದುಕೊಂಡು ರೇಡಿಯೋ ಎದುರು ಕೂತಳು.

“ಓದು. ನಾನು ಕುಟ್ಕೋತೀನಿ.”

“ಇದು ಡಾಕ್ಟರ ಭಾಷೆ ಅಕ್ಕಾ. ನನಗೆ ಅರ್ಥ ಆಗಲ್ಲ.”

“ಅರ್ಥ ಆಗ್ಲಿ ಅಂತ ಯಾರು ಕೇಳಿದ್ರು? ಅಕ್ಷರ ಗೊತ್ತಲ್ಲ, ಓದು. ಗಣಿತ ಅರ್ಥ ಆಗ್ತಿತ್ತಾ ನಿನಗೆ?”

ರೇಡಿಯೋ ಗಂಟಲು ಸರಿಮಾಡಿಕೊಂಡು ಪ್ರಯಾಣಿಕರ ಗಮನ ಸೆಳೆದ. ಆಸ್ಪತ್ರೆಯ ಹೆಸರು, ಗೆರೆ, ಗೆರೆಯ ಕೆಳಗೆ ನಂಬರು. ಆಮೇಲೆ ದಪ್ಪಕ್ಷರ: ಹುಣ್ಣು ಇಲ್ಲ, ಪೂರ್ಣವಿರಾಮ. ಕ್ಯಾನ್ಸರ್ ಇಲ್ಲ, ಪೂರ್ಣವಿರಾಮ. ಸಹಿ. ಫೋನ್ ನಂಬರು. “ಬಲಗಡೆ ಕೆಳಮೂಲೆಯಲ್ಲಿ, ಸಾಸಿವೆಯಷ್ಟು ಚಿಕ್ಕದಾಗಿ, ಒಂದು ಬಾಣದ ಗುರುತು.”

“ಬಾಣ ಯಾವ ಕಡೆಗೆ?”

“ಬಲಗಡೆಗೆ. ಹಾಳೆಯಾಚೆಗೆ.”

ಮೊಳೆ ನಿಂತಿತು. “ಹಾಳೆ ತಿರುಗಿಸು.”

ರೇಡಿಯೋ ತಿರುಗಿಸಿದ. ಹಿಂಬದಿಯಲ್ಲಿ, ತಲೆಬರಹವಿಲ್ಲದೆ, ತಿಳಿಬೂದು ಬಣ್ಣದಲ್ಲಿ, ಮೂರೇ ಸಾಲು. ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅವಳು ಒಂದೊಂದೇ ಅಕ್ಷರ ಕುಟ್ಟಿದಳು. ಇಬ್ಬರಿಗೂ ಏನೂ ಅರ್ಥವಾಗಲಿಲ್ಲ, ಕೊನೆಯ ಒಂದು ಮಾತು ಬಿಟ್ಟು: ‘ರಕ್ತದಲ್ಲಿ ಬಿ ಹನ್ನೆರಡು ನೋಡುವುದು.’

“ಬಿ ಹನ್ನೆರಡು ಅಂದ್ರೆ ಯಾವುದೋ ಬಸ್ ನಂಬರ್ ಇದ್ದಂಗಿದೆ” ಎಂದ ರೇಡಿಯೋ. ಅಕ್ಕ ನಗಲಿಲ್ಲ ಎಂಬುದು ಗೊತ್ತಾಗಿ ತಾನೇ ಫೋನ್ ಎತ್ತಿಕೊಂಡ.

ಎರಡು ಸಲ ಸಂಗೀತ ಕೇಳಿಸಿ, ಮೂರು ಸಲ ಬೇರೆ ಬೇರೆ ಮೇಜಿಗೆ ದಾಟಿಸಿ, ಕೊನೆಗೆ ಸಹಿ ಹಾಕಿದವರೇ ಸಿಕ್ಕರು. ಹೆಂಗಸು, ಸೂಕ್ಷ್ಮದರ್ಶಕದ ಕನ್ನಡಿಯಡಿ ಚೂರುಗಳನ್ನಿಟ್ಟು ನೋಡುವ ಡಾಕ್ಟರು. ಚುಕ್ಕಕ್ಕ ತನ್ನ ಚುಕ್ಕಿ ಪ್ರತಿಯಿಂದಲೇ, ಬಲಬೆರಳು ತಡವರಿಸಿದ್ದಲ್ಲಿ ಎಡಬೆರಳು ಹಾಕಿ, ಅವರ ಮೂರು ಸಾಲುಗಳನ್ನು ಅವರಿಗೇ ಓದಿ ಹೇಳಿದಳು, ವಿರಾಮಚಿಹ್ನೆ ಸಮೇತ.

“ಅಲ್ಪವಿರಾಮ ಕೂಡ ಓದಿದ್ರಲ್ಲಮ್ಮಾ” ಎಂದರು ಅವರು. “ಹದಿನೆಂಟು ವರ್ಷದಿಂದ ಬರೀತಾ ಇದ್ದೀನಿ. ನನ್ನ ಹಿಂಬದಿ ಓದಿದವರು ನೀವೇ ಮೊದಲು.”

ಆಮೇಲೆ ಬಿಡಿಸಿ ಹೇಳಿದರು. ಹೊಟ್ಟೆಯ ಮೇಲುಭಾಗದಲ್ಲಿ ಆಮ್ಲ ಸುರಿಸುವ ಗ್ರಂಥಿಗಳಿರುತ್ತವೆ. ಬಿ ಹನ್ನೆರಡು ಎಂಬ ಜೀವಸತ್ವವನ್ನು ಕೈಹಿಡಿದು ಕರುಳಿನವರೆಗೆ ಕರೆದೊಯ್ಯುವ ಪದಾರ್ಥವೂ ಅಲ್ಲೇ ಹುಟ್ಟುವುದು. ಇವಳ ಚೂರುಗಳಲ್ಲಿ ಆ ಗ್ರಂಥಿಗಳು ಬಹುಪಾಲು ಸವೆದಿದ್ದವು. ಮೈಯೇ ತನ್ನ ಹೊಟ್ಟೆಯನ್ನು ಶತ್ರುವೆಂದುಕೊಂಡು ತಿಂದ ಹಾಗೆ ಕಾಣುತ್ತಿತ್ತು. ಕೈಹಿಡಿಯುವವರಿಲ್ಲದ ಮೇಲೆ ಎಷ್ಟು ತಿಂದರೂ ಆ ಸತ್ವ ಮೈಗೆ ಸೇರುವುದಿಲ್ಲ. ಸೇರದಿದ್ದರೆ ಒಂದು ದಿನ ನರಗಳು ಮಂಕಾಗುತ್ತವೆ. “ಕೈಕಾಲು ಜೋಮು ಹಿಡಿಯೋದು, ನಾಲಿಗೆ ಉರಿಯೋದು, ನಡಿಗೆ ತಪ್ಪೋದು ಏನಾದ್ರೂ ಇದೆಯಾ?”

“ಪಟ್ಟಿ ನೀವೇ ಓದಿಬಿಟ್ರಲ್ಲ” ಎಂದಳು ಚುಕ್ಕಕ್ಕ. “ನನಗೆ ಕಣ್ಣು ಕಾಣಲ್ಲ ಡಾಕ್ಟ್ರೇ, ಅದಕ್ಕೇ ಎಲ್ಲರೂ ಕಣ್ಣು ಅಂದ್ರು.”

“ಕಣ್ಣಿರೋರಿಗೆ ಪಾದ ಮಂಕಾದ್ರೂ ಕಣ್ಣು ಆಸರೆ ಕೊಡುತ್ತೆ, ಕತ್ತಲಾದಾಗಷ್ಟೇ ಓಲಾಡ್ತಾರೆ. ನಿಮಗೆ ಪಾದವೇ ಆಸರೆ. ಅದಕ್ಕೆ ನೀವು ಬೇಗ ಬಿದ್ರಿ. ನಿಮ್ಮ ಮಾತು ಬೇಗ ನಂಬಬೇಕಾಗಿತ್ತು.”

“ಹಾಗಾದ್ರೆ ಇದನ್ನ ಬೆನ್ನಿಗೆ ಯಾಕೆ ಹಾಕಿದ್ರಿ ಡಾಕ್ಟ್ರೇ?”

ಅವರು ನಿಟ್ಟುಸಿರಿಟ್ಟರು. ಬೇರೇನೋ ಹುಡುಕುವಾಗ ಕಾಣಸಿಗುವ ಇಂಥ ಬದಲಾವಣೆಗಳು ತುಂಬ. ಎಷ್ಟೋ ಸಲ ಅವು ಏನೂ ಅಲ್ಲ, ವಯಸ್ಸಿಗೆ ಚರ್ಮ ಸುಕ್ಕಾದ ಹಾಗೆ. ಸುಮ್ಮನೆ ಜನ ಹೆದರುತ್ತಾರೆಂದು ಅದನ್ನೆಲ್ಲ ಹಿಂದಕ್ಕೆ ಹಾಕುವ ನಮೂನೆ ಮಾಡಿದ್ದಾರೆ. ಕೆಲವು ಮಾತ್ರ ಹೀಗಿರುತ್ತವೆ. “ಯಾವುದು ಯಾವುದು ಅಂತ ರೋಗಿಯನ್ನ ಎದುರಿಗೆ ಕೂರಿಸ್ಕೊಂಡು ತೂಗಿ ನೋಡೋದು ಕಳಿಸಿದ ಡಾಕ್ಟರ ಕೆಲಸ. ತೂಗಬೇಕು ಅಂದ್ರೆ ಮೊದಲು ಓದಬೇಕಲ್ಲಮ್ಮಾ.”

ಮರುದಿನ ಚುಕ್ಕಕ್ಕ ಗಂಡನ ತೋಳು ಹಿಡಿದು ಕೊಳವೆ ಡಾಕ್ಟರ ಕೋಣೆಯಲ್ಲಿ ಕೂತಿದ್ದಳು. ಹಿಂದಿನ ಸಂಜೆಯೇ ಕೊಟ್ಟಿದ್ದ ರಕ್ತದ ಫಲಿತಾಂಶ ಬಂದಿತ್ತು: ಇರಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ಡಾಕ್ಟರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡುವ ಸದ್ದು ಕೇಳಿಸಿತು.

“ಗಟ್ಟಿಯಾಗಿ ಓದಿ ಡಾಕ್ಟ್ರೇ. ಹಿಂದುಗಡೆದು.”

ಅವರು ಗೊಣಗೊಣ ಓದಿದರು. “ಅಲ್ಪವಿರಾಮ ಬಿಟ್ರಿ” ಎಂದಳು ಅವಳು. ಮತ್ತೆ ಮೊದಲಿಂದ ಓದಿಸಿದಳು.

“ನೋಡಿಮ್ಮಾ, ಇದು ಪ್ರಾಸಂಗಿಕ. ಅಂದ್ರೆ ನಾವು ಹುಡುಕ್ತಾ ಇದ್ದದ್ದು ಇದಲ್ಲ. ಹುಣ್ಣು ಹುಡುಕುವಾಗ ಸಿಕ್ಕಿದ್ದು.”

“ಸಿಕ್ಕಿದ್ದು ಸಿಕ್ಕಿದ್ದೇ ಅಲ್ವಾ? ನಾನು ಕಾಗುಣಿತ ನೋಡೋಕೆ ಕೂತಾಗ ಇಡೀ ಪುಟವೇ ತಲೆಕೆಳಗಾಗಿದ್ರೆ, ಅದು ನನ್ನ ಹುಡುಕಾಟ ಅಲ್ಲ ಅಂತ ಬಿಟ್ಟುಬಿಡ್ಲಾ? ನಾನು ಒಂದು ಚುಕ್ಕಿ ಬಿಟ್ಟಿದ್ದಕ್ಕೆ ಮಕ್ಕಳು ಸರಿ ಉತ್ತರ ಅಳಿಸಿದ್ರು. ನನಗೆ ಊಟ ಸೇರ್ಲಿಲ್ಲ. ನೀವು ಮೂರು ಸಾಲು ಬಿಟ್ಟಿದ್ದೀರಿ. ಹದಿನಾರು ತಿಂಗಳು. ನಿಮಗೆ ಊಟ ಸೇರ್ತಾ?”

ಗಂಡ ಅವಳ ಮೊಣಕೈ ಒತ್ತಿದ. ಡಾಕ್ಟರು ಕುರ್ಚಿಯಲ್ಲಿ ಅತ್ತಿತ್ತ ಸರಿದರು. ಆಮೇಲೆ ದನಿ ತಗ್ಗಿಸಿ, “ತಪ್ಪಾಗಿದೆ ಅಮ್ಮಾ. ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕ್ಕೊಳ್ಳಿ” ಎಂದರು.

“ಹಾಕ್ಕೊಂಡ್ರೆ ಏನು ಬಂತು ಡಾಕ್ಟ್ರೇ? ನನ್ನ ಹೊಟ್ಟೆ ಹೀರ್ಕೊಳ್ಳಲ್ಲ ಅಂತ ನಿಮ್ಮ ಕಾಗದದಲ್ಲೇ ಇದೆಯಲ್ಲ!”

ಬಾಗಿಲ ಬಳಿ ನಿಂತಿದ್ದ ನರ್ಸಮ್ಮನಿಗೆ ಕೆಮ್ಮು ಬಂತು. ಸೂಜಿ ಹಾಕುವಾಗ ಅವಳೇ ಪಿಸುಗುಟ್ಟಿದಳು: “ಔಷಧಿ ಕೆಂಪಗೆ ಚೆನ್ನಾಗಿದೆ ಅಕ್ಕಾ. ನಿಮ್ಮ ಸಿಟ್ಟಿನ ಬಣ್ಣವೇ.”

ಹೊಟ್ಟೆಯ ದಾರಿ ಮುಚ್ಚಿದ್ದರಿಂದ ತೋಳಿನ ದಾರಿ. ಮೊದಲೆರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಮುಂದೆ ಜೀವ ಇರುವವರೆಗೂ ತಿಂಗಳಿಗೊಂದು. ಹೊಟ್ಟೆಯನ್ನೂ ಆಗಾಗ ಕೊಳವೆ ಇಳಿಸಿ ನೋಡುತ್ತಿರಬೇಕು. ನರ ಎಷ್ಟು ಮರಳುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರು ಈ ಸಲ ಏನನ್ನೂ ಬಿಡದೆ ಹೇಳಿದರು: “ಬೇಗ ಹಿಡಿದಿದ್ರೆ ಪೂರ್ತಿ ಮರಳ್ತಿತ್ತು. ಈಗ ಎಷ್ಟು ಬರುತ್ತೋ ಅಷ್ಟು.”

ಅಂದಿನಿಂದ ಗಂಡ ಮನೆಗೆ ಬಂದ ಪ್ರತಿ ಕಾಗದವನ್ನೂ ಎರಡೂ ಬದಿ ಓದತೊಡಗಿದ. ನೀರಿನ ಬಿಲ್ಲಿನ ಹಿಂದಿನ ಷರತ್ತುಗಳು, ಬೆಂಕಿಪೆಟ್ಟಿಗೆಯ ಮೇಲಿನ ವಿಳಾಸ, ಎಲ್ಲ. “ಸಾಕು ಬಿಡ್ರೀ” ಎಂದರೆ, “ಇಲ್ಲ ಕಣೇ, ಇನ್ನೂ ಎರಡು ಸಾಲಿದೆ” ಎನ್ನುತ್ತಿದ್ದ. ಅವನ ದನಿ ಒಡೆಯುವುದು ಗೊತ್ತಾಗಿ ಅವಳು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. ಗಂಡನ ಮೇಲೆ ಸಿಟ್ಟು ಬರಲಿಲ್ಲವೆಂದಲ್ಲ. ಆದರೆ ಅವನು ಲಿಫ್ಟಿನವನು, ಓದುವುದು ಅವನ ಕಸುಬಲ್ಲ. ಓದುವುದಕ್ಕೆಂದೇ ಕೋಟು ತೊಟ್ಟು ಕೂತವರ ಮೇಲಿನ ಸಿಟ್ಟೇ ಅವಳಿಗೆ ದಿನಕ್ಕೆ ಸಾಕಾಗುತ್ತಿತ್ತು.

ಆ ಸಿಟ್ಟಿನಲ್ಲೇ ಆಸ್ಪತ್ರೆಗೆ ದೂರು ಬರೆದಳು, ತನ್ನ ಲಿಪಿಯಲ್ಲಿ, ಎರಡು ಹಾಳೆ: ಹಿಂಬದಿಯ ಮಾತು ಮುಂಬದಿಗೆ ಬರಬೇಕು, ಬೂದು ಹೋಗಿ ಕಪ್ಪಾಗಬೇಕು, ಬಾಣ ಸಾಲದು, ಬಾಯಲ್ಲಿ ಹೇಳಬೇಕು. ಹತ್ತು ದಿನಕ್ಕೆ ಉತ್ತರ ಬಂತು: ‘ತಾವು ಕಳಿಸಿದ ಎರಡು ಖಾಲಿ ಹಾಳೆಗಳು ತಲುಪಿವೆ. ದಯವಿಟ್ಟು ಪತ್ರವನ್ನು ಕಳಿಸಿ.’

ರೇಡಿಯೋ ಇದನ್ನು ಓದಿ ಮುಗಿಸಿ ಹತ್ತು ನಿಮಿಷ ಮೇಜಿನ ಮೇಲೆ ತಲೆಯಿಟ್ಟು ನಕ್ಕ. ಚುಕ್ಕಕ್ಕ ಒಂದೇ ಸಾಲಿನ ಉತ್ತರ ಅವನ ಕೈಯಿಂದ ಶಾಯಿಯಲ್ಲಿ ಬರೆಸಿದಳು: ‘ಖಾಲಿ ಅಂತ ಕಂಡದ್ದನ್ನು ಇನ್ನು ಮೇಲಾದರೂ ಮುಟ್ಟಿ ನೋಡಿ.’ ಅದಕ್ಕೆ ಇದುವರೆಗೂ ಉತ್ತರವಿಲ್ಲ. ಕನ್ನಡಿಯ ಡಾಕ್ಟರು ಮಾತ್ರ ಫೋನ್ ಮಾಡಿ, ತಾನು ನೋಡಿದ ಇಂಥ ಚೂರುಗಳ ವಿಷಯವನ್ನು ಈಗ ಆಯಾ ಡಾಕ್ಟರಿಗೆ ಫೋನಿನಲ್ಲೇ ಓದಿ ಹೇಳುತ್ತಿದ್ದೇನೆ ಎಂದರು. “ಅಲ್ಪವಿರಾಮ ಸಮೇತ.”

ಮೂರು ತಿಂಗಳು ಕಳೆಯಿತು. ಚಪ್ಪಲಿ ಕಾಲಿಗಿದೆ ಎಂಬುದು ಪಾದಕ್ಕೆ ಮೊದಲು ತಿಳಿಯಿತು. ನಾಲಿಗೆಯ ಉರಿ ಹೋಯಿತು. ಎಡಗೈ ತೋರುಬೆರಳು ಮುಕ್ಕಾಲು ಪಾಲು ಮರಳಿತು. ಇಪ್ಪತ್ತೇಳು ವರ್ಷ ದುಡಿದ ಬಲಬೆರಳು ಮಾತ್ರ ಹತ್ತಿಯೊಳಗಿಂದ ಪೂರ್ತಿ ಹೊರಬರಲೇ ಇಲ್ಲ. ಇಲ್ಲಿಯವರೆಗೆ ಸಾಲು ತಪ್ಪದಂತೆ ಹಾಳೆ ಹಿಡಿಯುವುದಷ್ಟೇ ಎಡಗೈಯ ಕೆಲಸ. ಅದಕ್ಕೀಗ ಓದು ಕಲಿಸಬೇಕಾಯಿತು. ಪ್ರತಿದಿನ ಸಂಜೆ ಪ್ರೆಸ್ಸು ಬಿಟ್ಟ ಮೇಲೆ ಒಂದು ಗಂಟೆ, ಹಳೆಯ ಗಣಿತ ಪುಸ್ತಕ, ಅದೇ ಉತ್ತರಗಳ ಪುಟ. ಮೂರು, ನಾಲ್ಕು. ಮೂರು, ನಾಲ್ಕು.

ಪರೀಕ್ಷೆಯ ದಿನ ಮ್ಯಾನೇಜರ್ ಗಡಿಯಾರ ಹಿಡಿದು ಕೂತರು. ರೇಡಿಯೋ ಓದಿದ. ಎಡಬೆರಳು ಹೊಸ ಸೊಸೆಯಂತೆ ಅಳುಕುತ್ತ ನಡೆಯಿತು. “ನಿಲ್ಲು!” ಮುಂದೆ. “ನಿಲ್ಲು!” ಮುಂದೆ. ಕಿವಿಯನ್ನು ನಂಬದಿರಲು ಅವಳು ಹಲ್ಲು ಕಚ್ಚಿ ಕೂತಿದ್ದಳು. ಪುಟ ಮುಗಿದಾಗ ಕತ್ತಿನ ಮೇಲೆ ಬೆವರಿತ್ತು.

ಮ್ಯಾನೇಜರ್ ಎರಡೆರಡು ಸಲ ಎಣಿಸಿದರು. “ಹದಿನೆಂಟು! ಹೊಲಿಗೆ ಮೇಜಿನವರು ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಲಿ. ನಾಳೆಯಿಂದ ನಿಮ್ಮ ಕುರ್ಚಿ ನಿಮಗೇ.”

ರೇಡಿಯೋ ಬಸ್ ನಿಲ್ದಾಣಕ್ಕೇ ಕೇಳಿಸುವಂತೆ ಒಂದು ಕೂಗು ಹಾಕಿದ. ಹೊಲಿಗೆಯ ಕಡೆಯಿಂದ ಚಪ್ಪಾಳೆ ಬಂತು.

“ಬಿಟ್ಟ ಎರಡು ಯಾವುವು ಸರ್?” ಎಂದಳು ಚುಕ್ಕಕ್ಕ.

“ಅಯ್ಯೋ, ಸಣ್ಣವು ಬಿಡಿ ಅಮ್ಮಾ. ಅಲ್ಪವಿರಾಮ ಒಂದು, ಇನ್ನೊಂದು ಏನೋ ಪುಟಸಂಖ್ಯೇಲಿ. ಅಂಥ ಮುಖ್ಯ ಅಲ್ಲ.”

ಕೋಣೆಯಲ್ಲಿ ಚಪ್ಪಾಳೆ ನಿಂತಿತು. ಚುಕ್ಕಕ್ಕನ ಮುಖ ಹೇಗಾಯಿತೆಂದು ನೋಡಿದವರೇ ಹೇಳಬೇಕು. ಮ್ಯಾನೇಜರಂತೂ ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಎಳೆದುಕೊಂಡ ಸದ್ದಾಯಿತು.

“ಆ ಮಾತು ನನ್ನ ಮುಂದೆ ಆಡಬೇಡಿ ಸರ್” ಎಂದಳು. ಪುಟವನ್ನು ಮತ್ತೆ ಎದುರಿಗೆ ಎಳೆದುಕೊಂಡು, ಎಡಬೆರಳನ್ನು ಮೊದಲ ಸಾಲಿನ ಮೊದಲ ಚುಕ್ಕಿಯ ಮೇಲಿಟ್ಟಳು. “ರೇಡಿಯೋ, ಮೇಲಿಂದ ಓದು. ಎರಡೂ ಸಿಗೋವರೆಗೆ ನಾನು ಏಳಲ್ಲ.”